ತಾಲೀಮಿನ ಎರಡು ಅರ್ಥ

ಉರ್ದು ಶಾಲೆಯಲ್ಲಿ ನಾವು ಕಲಿತ ‘ತಾಲೀಮು’ ಎಂದರೆ ವಿದ್ಯೆ. ಶಾಲೆಯಿಂದ ಹೊರಬಂದು ಕನ್ನಡದ ಓಣಿಗೆ ಕಾಲಿಟ್ಟರೆ ಅದೇ ಪದಕ್ಕೆ ಕುಸ್ತಿಯ ಅಭ್ಯಾಸ ಎಂಬ ಅರ್ಥ. ಉತ್ತರ ಕರ್ನಾಟಕದಲ್ಲಿ ಗರಡಿಮನೆಯನ್ನೇ ತಾಲೀಮು ಎನ್ನುವವರಿದ್ದಾರೆ. ಒಂದು ಅಕ್ಷರದ ಮನೆ, ಇನ್ನೊಂದು ಕೆಮ್ಮಣ್ಣಿನ ಮನೆ. ಈ ಎರಡೂ ಮನೆಗಳ ಹೊಸ್ತಿಲಾಚೆಯೇ ಉಳಿದ ಮಕ್ಕಳು ನಮ್ಮ ನಡುವೆ ಇದ್ದಾರೆ: ಮಾತು ತಡವಾದವರು, ಕಣ್ಣು ಕೊಟ್ಟು ನೋಡದವರು, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವವರು. ನಾವು ಅವರ ಬಗ್ಗೆ ಕನಿಕರಪಟ್ಟೆವು. ಕನಿಕರದಿಂದಲೇ ಮನೆಯೊಳಗೆ ಕೂರಿಸಿದೆವು. ಕುಳಿತ ಮೈ ಸೋತಾಗ ಅದು ಅವರ ಹುಟ್ಟುಗುಣ ಎಂದೆವು. ಈ ಮಾತು ಸುಳ್ಳೆಂದು ತೋರಿಸಿದ ಚರಿತ್ರೆಯೊಂದಿದೆ.

ಅದು ಆರಂಭವಾಗುವುದು ಫ್ರಾನ್ಸಿನಲ್ಲಿ. 1812ರಲ್ಲಿ ಹುಟ್ಟಿದ ಎದ್ವಾರ್ ಸೆಗೆನ್, ಕಾಡಿನಲ್ಲಿ ಸಿಕ್ಕ ಬಾಲಕ ವಿಕ್ಟರ್‌ನಿಗೆ ಕಲಿಸಲು ಶ್ರಮಿಸಿದ ವೈದ್ಯ ಇಟಾರ್‌ನ ಶಿಷ್ಯ. ‘ಬುದ್ಧಿಹೀನರು’ ಎಂದು ಜಗತ್ತು ಕೈಬಿಟ್ಟಿದ್ದ ಮಕ್ಕಳಿಗೆ ಸೆಗೆನ್ ಮೊದಲು ಕೊಟ್ಟದ್ದು ಪುಸ್ತಕವನ್ನಲ್ಲ. ಏಣಿ, ಉಯ್ಯಾಲೆ ಮತ್ತು ಡಂಬೆಲ್‌ಗಳನ್ನು. ಮೊದಲು ಸ್ನಾಯು, ನಂತರ ಇಂದ್ರಿಯ, ಆಮೇಲೆ ವಿಚಾರ - ಇದು ಅವನ ಕ್ರಮ. ಅಮೆರಿಕಕ್ಕೆ ವಲಸೆ ಹೋದ ಮೇಲೆ 1866ರಲ್ಲಿ ಈ ಪದ್ಧತಿಯನ್ನು ಗ್ರಂಥವಾಗಿ ಪ್ರಕಟಿಸಿದ. ಮುಂದೆ ಮರಿಯಾ ಮಾಂಟೆಸರಿ ತಮ್ಮ ಶಿಕ್ಷಣಕ್ರಮವನ್ನು ಕಟ್ಟಿದ್ದು ಇಟಾರ್ ಮತ್ತು ಸೆಗೆನ್‌ರನ್ನು ಓದಿಕೊಂಡೇ. ಆ ಮಾಂಟೆಸರಿಯವರು 1939ರಲ್ಲಿ ಮದರಾಸಿಗೆ ಬಂದರು. ಅವರ ಹೆಸರಿನ ಶಾಲೆಗಳು ಇಂದು ನಮ್ಮ ಊರೂರಲ್ಲಿವೆ. ಆದರೆ ಆ ವಿದ್ಯೆಯ ಬೇರು ಯಾವ ಮಕ್ಕಳಲ್ಲಿತ್ತೋ ಅವರಿಗೆ ಅಂಥ ಶಾಲೆಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ ಎಂಬುದು ಚರಿತ್ರೆಯ ವ್ಯಂಗ್ಯ.

ಸೆಗೆನ್ ಕಲಿಸಿಕೊಟ್ಟದ್ದನ್ನು ಅಮೆರಿಕವೇ ಮರೆಯಿತು. ಕಲಿಸಲೆಂದು ಕಟ್ಟಿದ ಸಂಸ್ಥೆಗಳು ಕೂಡಿಹಾಕುವ ದೊಡ್ಡಿಗಳಾದವು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡುವುದನ್ನೂ ಎತ್ತಿಹಿಡಿಯಿತು.

ಕದ ಮತ್ತೆ ತೆರೆದದ್ದು 1960ರ ದಶಕದಲ್ಲಿ. ಕೆನಡಾದ ಟೊರೊಂಟೊದಲ್ಲಿ ಫ್ರಾಂಕ್ ಹೇಡನ್ ಎಂಬ ಸಂಶೋಧಕರು ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳ ದೇಹಶಕ್ತಿಯನ್ನು ಅಳೆದರು. ಅದು ಓರಗೆಯ ಮಕ್ಕಳಿಗಿಂತ ತೀರಾ ಕಡಿಮೆಯಿತ್ತು. ಆದರೆ ಕಾರಣ ಹುಟ್ಟಿನಲ್ಲಿರಲಿಲ್ಲ, ಕೂರಿಸಿಟ್ಟ ಬದುಕಿನಲ್ಲಿತ್ತು. ಅಭ್ಯಾಸ ಕೊಟ್ಟರೆ ಮೈ ಗಟ್ಟಿಯಾಗುತ್ತಿತ್ತು. ಅದೇ ಹೊತ್ತಿಗೆ, 1962ರಲ್ಲಿ, ಅಧ್ಯಕ್ಷ ಕೆನಡಿಯವರ ಸೋದರಿ ಯೂನಿಸ್ ಶ್ರೈವರ್ ತಮ್ಮ ಮನೆಯಂಗಳದಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ತೆರೆದರು. ಅವರ ಅಕ್ಕ ರೋಸ್‌ಮೆರಿ, 1941ರ ಮಿದುಳು ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಜಗತ್ತಿನ ಕಣ್ಣಿಂದ ಮರೆಯಾಗಿದ್ದವರು. ಬಲಾಢ್ಯರ ಮನೆಯಲ್ಲೂ ಒಂದು ಒಳಕೋಣೆ ಇತ್ತು! 1968ರ ಜುಲೈಯಲ್ಲಿ ಶಿಕಾಗೋದ ಮೈದಾನದಲ್ಲಿ ಸುಮಾರು 1000 ಮಂದಿ ಕ್ರೀಡಾಪಟುಗಳೊಂದಿಗೆ ಮೊದಲ ಸ್ಪೆಷಲ್ ಒಲಿಂಪಿಕ್ಸ್ ನಡೆಯಿತು. ಮುಂದೆ ಭಾರ ಎತ್ತುವ ಪವರ್‌ಲಿಫ್ಟಿಂಗೂ ಅದರಲ್ಲಿ ಸೇರಿತು. 2019ರಲ್ಲಿ ಅಬುಧಾಬಿಯ ಕೂಟದಿಂದ ಭಾರತದ ತಂಡ 85 ಚಿನ್ನವೂ ಸೇರಿ 368 ಪದಕ ತಂದಿತು.

ನಮ್ಮ ಕಾನೂನೂ ನಿಧಾನವಾಗಿ ಕಣ್ಣು ತೆರೆದಿದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳನ್ನು ಸೇರಿಸಿತು. ಕ್ರೀಡೆಯಲ್ಲಿ ಭಾಗವಹಿಸಲು ಅನುವು ಮಾಡಿಕೊಡುವುದು ಸರಕಾರದ ಹೊಣೆ ಎಂದಿತು. ಆದರೆ ಜಿಮ್ಮಿನ ಬಾಗಿಲಲ್ಲಿ ನಿಂತ ಹುಡುಗನಿಗೆ ಕಾಯ್ದೆ ಓದಲು ಬಾರದು. ಅವನಿಗೆ ಬೇಕಾದದ್ದು ಬೇರೆ. ಬಾಯಿಮಾತಿನ ಹತ್ತು ಸೂಚನೆಗಳ ಬದಲು ಮಾಡಿ ತೋರಿಸುವ ಒಬ್ಬ ಉಸ್ತಾದ್. ದಿನವೂ ಅದೇ ಜಾಗ, ಅದೇ ಕ್ರಮ. ಎಷ್ಟು ಸಲ ಎತ್ತಬೇಕೆಂದು ಹೇಳುವ ಚಿತ್ರದ ಚೀಟಿ. ಹಾಡಿನ ಅಬ್ಬರವಿಲ್ಲದ ಒಂದು ಗಂಟೆ. ಡೌನ್ ಸಿಂಡ್ರೋಮ್ ಇದ್ದವರ ಕತ್ತಿನ ಮೂಳೆಯನ್ನು ಮೊದಲೇ ವೈದ್ಯರಿಗೆ ತೋರಿಸುವ ಎಚ್ಚರ. ಇದರಲ್ಲಿ ಲಕ್ಷಾಂತರ ರೂಪಾಯಿಯ ಖರ್ಚೇನೂ ಇಲ್ಲ.

ಭಾರ ಎತ್ತಿದ ಮಾತ್ರಕ್ಕೆ ಆಟಿಸಂ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಮಿದುಳುಗಳು ಬಗೆಬಗೆಯವು ಎಂಬ ನ್ಯೂರೋಡೈವರ್ಸಿಟಿಯ ವಿಚಾರ 1990ರ ದಶಕದಿಂದ ಹೇಳುತ್ತ ಬಂದಿರುವುದೂ ಇದನ್ನೇ. ಹುಡುಗ ಹುಡುಗನಾಗಿಯೇ ಇರಲಿ, ಆದರೆ ಮೆಟ್ಟಿಲು ಹತ್ತಲಿ, ನೀರಿನ ಕೊಡ ಎತ್ತಲಿ, ತಾಯಿಗೆ ವಯಸ್ಸಾದಾಗ ತನ್ನ ಕಾಲ ಮೇಲೆ ನಿಲ್ಲಲಿ. ಇಂಥ ಮಗುವಿನ ತಾಯಿ ರಾತ್ರಿ ನಿದ್ದೆಗೆಟ್ಟು ಯೋಚಿಸುವುದು ಪದಕದ ಬಗ್ಗೆ ಅಲ್ಲ, ತನ್ನ ನಂತರದ ದಿನಗಳ ಬಗ್ಗೆ.

ತಾಲೀಮು ಎಂಬ ಒಂದೇ ಪದದಲ್ಲಿ ನಮ್ಮ ಹಿರಿಯರು ಅಕ್ಷರ ಮತ್ತು ಕಸುವು ಎರಡನ್ನೂ ಇಟ್ಟಿದ್ದರು. ಆ ಮಕ್ಕಳಿಗೆ ನಾವು ಎರಡನ್ನೂ ಬಾಕಿ ಉಳಿಸಿಕೊಂಡಿದ್ದೇವೆ.