ಬನದ ಹುಣ್ಣಿಮೆಯ ರಂಗಭೂಮಿ

ಪುಷ್ಯಮಾಸದ ಬನದ ಹುಣ್ಣಿಮೆಯಿಂದ ಮಾಘಮಾಸದ ಭಾರತ ಹುಣ್ಣಿಮೆಯವರೆಗೆ, ಎಂದರೆ ಹೇಮಂತವು ಹಿಂಜರಿದು ಶಿಶಿರವು ನೆಲೆಗೊಳ್ಳುವ ಆ ಒಂದು ತಿಂಗಳಲ್ಲಿ, ಮಲಪ್ರಭೆಯ ಸೀಮೆಯ ರೈತನಿಗೆ ದೊರೆಯುವಂತಹ ಬಿಡುವು ಒಕ್ಕಲುತನದ ಬೇರೆ ದಿನಗಳಲ್ಲಿ ದೊರೆಯುವುದು ದುರ್ಲಭ. ಮುಂಗಾರಿನ ಸಜ್ಜೆ, ಶೇಂಗಾಗಳು ರಾಶಿಯಾಗಿ ಪೇಟೆಯನ್ನು ಸೇರಿರುತ್ತವೆ. ಎಳ್ಳಮಾಸ್ಯೆಯ ಚರಗವನ್ನು ಪಡೆದ ಎರೆಯ ಹೊಲಗಳಲ್ಲಿ ಬಿಳಿಜೋಳವು ತೆನೆಗಟ್ಟಿ, ಸುಗ್ಗಿಗೆ ಇನ್ನೂ ಕೆಲವು ವಾರಗಳ ಅವಕಾಶವನ್ನು ಕೊಟ್ಟಿರುತ್ತದೆ. ಹಾದಿಯಲ್ಲಿ ಕೆಸರಿಲ್ಲ, ಚಕ್ಕಡಿಯ ಎತ್ತುಗಳಿಗೆ ಬಿಸಿಲಿನ ಬೇಗೆಯಿಲ್ಲ. ಬಾದಾಮಿಯ ಸಮೀಪದ ಚೊಳಚಗುಡ್ಡದಲ್ಲಿ ನೆರೆಯುವ ಬನಶಂಕರಿಯ ಜಾತ್ರೆಯು ಈ ಬಿಡುವಿನ ಮೇಲೆಯೆ ನಿಂತುದು. ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯಲ್ಲಿ ಈ ಜಾತ್ರೆಗೆ ಸಲ್ಲಬೇಕಾದ ಸ್ಥಾನವಾದರೋ, ರಾಜಾಶ್ರಯದ ಕಥೆಯನ್ನೆ ಹೆಚ್ಚಾಗಿ ಹೇಳಿಕೊಂಡು ಬಂದ ನಮ್ಮಿಂದ ಇನ್ನೂ ಪೂರ್ಣವಾಗಿ ಸಂದಿಲ್ಲ.

ಕ್ಷೇತ್ರವು ಪ್ರಾಚೀನವಾದುದು. ಬಾದಾಮಿಯ ಚಾಲುಕ್ಯರಿಗೆ ಬನಶಂಕರಿಯು ಕುಲದೇವತೆಯಾಗಿದ್ದಳೆಂಬುದು ಪರಂಪರೆಯ ನಂಬಿಕೆ. ಇಂದು ಕಾಣುವ ದೇವಾಲಯವನ್ನು 1750ರಲ್ಲಿ ಪರಶುರಾಮ ಆಗಳೆ ಎಂಬ ಮರಾಠಾ ಸರದಾರನು ಕಟ್ಟಿಸಿದನು. ಕಪ್ಪುಶಿಲೆಯ ಅಷ್ಟಭುಜೆ, ಸಿಂಹವಾಹಿನಿಯಾದ ದೇವಿಯ ಎದುರಿಗೆ ಹರಿದ್ರಾತೀರ್ಥವೆಂಬ ವಿಶಾಲವಾದ ಹೊಂಡವೂ, ಅದರ ಸುತ್ತ ಕಲ್ಲುಕಂಬಗಳ ಪಡಸಾಲೆಯೂ, ದೀಪಸ್ತಂಭಗಳೂ ಇವೆ. ದೀರ್ಘಕಾಲದ ಅನಾವೃಷ್ಟಿಯಿಂದ ಲೋಕವು ಹಸಿದು ಬಳಲಿದಾಗ ತನ್ನ ದೇಹದಿಂದಲೆ ಕಾಯಿಪಲ್ಯಗಳನ್ನು ಹುಟ್ಟಿಸಿ ಜೀವಕೋಟಿಯನ್ನು ಪೊರೆದ ಶಾಕಂಭರಿಯೇ ಈಕೆಯೆಂಬ ಪುರಾಣಕಥೆಯು, ಬರಗಾಲದ ನೆನಪು ಆರದ ಬಯಲುಸೀಮೆಯಲ್ಲಿ ಇಷ್ಟು ಆಳವಾಗಿ ಬೇರೂರಿದುದು ಸಹಜವಾಗಿದೆ. ರಥೋತ್ಸವದ ಹಿಂದಿನ ದಿನ ನಡೆಯುವ ಪಲ್ಯದ ಹಬ್ಬದಲ್ಲಿ 108 ಬಗೆಯ ಕಾಯಿಪಲ್ಯಗಳ ನೈವೇದ್ಯವನ್ನು ದೇವಿಗೆ ಅರ್ಪಿಸುವ ಸಂಪ್ರದಾಯವು ಆ ಕಥೆಯನ್ನು ವರ್ಷವರ್ಷವೂ ಪ್ರತ್ಯಕ್ಷಗೊಳಿಸುತ್ತದೆ. ರೈತರಿಗೆ ಮಾತ್ರವಲ್ಲದೆ ದೇವಾಂಗ ನೇಕಾರರಿಗೂ ಈಕೆ ಕುಲದೇವತೆ. ಸೀರೆಯ ಇಳಕಲ್ಲು, ಖಣದ ಗುಳೇದಗುಡ್ಡಗಳಂತಹ ಮಗ್ಗದ ಊರುಗಳು ಸಮೀಪದಲ್ಲಿಯೆ ಇರುವುದರಿಂದ ಹೊಲದ ದುಡ್ಡಿನ ಜೊತೆಗೆ ಮಗ್ಗದ ದುಡ್ಡೂ ಈ ಜಾತ್ರೆಗೆ ಹರಿದು ಬರುತ್ತಿದ್ದಿತು.

ತೇರು ಎಳೆದ ಮಾತ್ರಕ್ಕೆ ಜಾತ್ರೆಯು ಮುಗಿಯುವುದಿಲ್ಲ. ಜೋಡೆತ್ತುಗಳ ಹಲ್ಲೆಣಿಸಿ ಬೆಲೆ ಕಟ್ಟುವವರು, ಹೊಸ ಮನೆಗೆ ಬಾಗಿಲು ಚೌಕಟ್ಟುಗಳನ್ನು ಕೊಳ್ಳಬಂದವರು, ಹೊಂಡದ ದಂಡೆಯಲ್ಲಿ ಬುಟ್ಟಿಯಿಳಿಸಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಡಿಗೆಯ ಮೊಸರುಗಳನ್ನು ಉಣಬಡಿಸಿ ಕಾಸು ಪಡೆಯುವ ಹೆಣ್ಣುಮಕ್ಕಳು, ಬಳೆಗಾರರು, ಮಿಠಾಯಿಯವರು, ಇವರೆಲ್ಲರಿಂದ ಆ ದೇವಾಲಯದ ಮಗ್ಗುಲಲ್ಲಿ ತಿಂಗಳ ಕಾಲ ಬಾಳುವ ಒಂದು ಪಟ್ಟಣವೇ ಏಳುತ್ತದೆ. ನಾಟಕ ಕಂಪನಿಗಳು ಬಂದು ಡೇರೆ ಹೊಡೆದುದು ಈ ಪಟ್ಟಣದಲ್ಲಿ.

ಕಂಪನಿಗಳು ಬರುವ ಮುನ್ನವೂ ಈ ನಾಡಿನ ಜನಕ್ಕೆ ಆಟದ ರುಚಿ ಇಲ್ಲದಿರಲಿಲ್ಲ; ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳನ್ನು ಬೆಳಗಾಗುವವರೆಗೆ ಕುಳಿತು ನೋಡಿದ ಜನವದು. ಆದರೆ ಪರದೆ ಕಟ್ಟಿ, ಟಿಕೆಟು ಹರಿದು ಆಡುವ ನಾಟಕವು ಇತ್ತ ಬಂದ ಮಾರ್ಗವು ವಿಚಿತ್ರವಾಗಿದೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳದವರು ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡು ಮೆಚ್ಚಿದ ಅಲ್ಲಿಯ ಸಂಸ್ಥಾನಿಕನು, ಅಂತಹುದನ್ನೆ ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರನ್ನು ಪ್ರೇರಿಸಿದುದರಿಂದ 1843ರಲ್ಲಿ ‘ಸೀತಾಸ್ವಯಂವರ’ವು ಹುಟ್ಟಿತು; ಹೀಗೆ ಕನ್ನಡದ ಆಟದಿಂದ ಸ್ಫೂರ್ತಿ ಪಡೆದ ಮರಾಠಿ ರಂಗಭೂಮಿಯೇ ಬೆಳೆದು ಧಾರವಾಡ, ಹುಬ್ಬಳ್ಳಿಗಳ ಕನ್ನಡಿಗರನ್ನು ಮರುಳುಗೊಳಿಸಿತು. ಇದನ್ನು ಸಹಿಸದೆ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅರಮನೆಯು ನಾಟಕಕ್ಕೆ ಬೆನ್ನಾಗಿ ನಿಂತು, ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ಕ್ಕೆ ವೇದಿಕೆಯಾಯಿತು; ಮುಂಬಯಿ ಪ್ರಾಂತಕ್ಕೆ ಸೇರಿಹೋಗಿದ್ದ ಈ ಕಡೆಯ ಕನ್ನಡ ನಟನಿಗಾದರೆ ಅಂತಹ ಅರಮನೆಯಿರಲಿಲ್ಲ. ಆತನ ದೊರೆ ನಾಲ್ಕಾಣೆ ಎಂಟಾಣೆ ಕೊಟ್ಟು ನೆಲದ ಮೇಲೆ ಕೂಡುವ ಪ್ರೇಕ್ಷಕನೆ. ಮತ್ತು ಆ ಪ್ರೇಕ್ಷಕನ ಕೈಯಲ್ಲಿ ದುಡ್ಡೂ ಬಿಡುವೂ ಒಮ್ಮೆಗೆ ಕೂಡಿಬರುತ್ತಿದ್ದುದು ಜಾತ್ರೆಯ ದಿನಗಳಲ್ಲಿ.

1880ರ ದಶಕದಲ್ಲಿ ಗದುಗಿನಿಂದ ವಿಜಾಪುರದ ಮಾರ್ಗವಾಗಿ ಹೊಟಗಿಯವರೆಗೆ ರೈಲು ಹಾದಿಯಾಗಿ ಬಾದಾಮಿಯು ನಿಲ್ದಾಣವಾದುದು ಜನರಿಗೆ ಹೇಗೋ ಹಾಗೆಯೆ ಕಂಪನಿಗಳ ಪೆಟ್ಟಿಗೆ, ಪರದೆ, ತಗಡುಗಳಿಗೂ ಅನುಕೂಲವಾಯಿತು. ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಮೊದಲಾದ ಮಹಾನಟರು ಊರೂರು ಕ್ಯಾಂಪು ಮಾಡುತ್ತ ಬೆಳೆಸಿದ ಈ ಪರಂಪರೆಗೆ ಜಾತ್ರೆಯ ಕ್ಯಾಂಪೆಂದರೆ ಪರೀಕ್ಷೆಯೂ ಹೌದು, ಸುಗ್ಗಿಯೂ ಹೌದು. ಒಂದರ ಮಗ್ಗುಲಿಗೆ ಒಂದು ಥೇಟರು. ಈ ಡೇರೆಯ ಕಾಲುಪೆಟ್ಟಿಗೆಯ ಸ್ವರವು ಆ ಡೇರೆಗೆ ಕೇಳಿಸುತ್ತದೆ. ಇಲ್ಲಿಯ ನಾಯಕನ ಕಂಠ ಬಿದ್ದರೆ ಜನವು ಎದ್ದು ಅಲ್ಲಿಗೆ ನಡೆಯುತ್ತದೆ. ಒಂದೇ ರಾತ್ರಿಯಲ್ಲಿ ಒಂದರ ಮೇಲೊಂದರಂತೆ ಎರಡು, ಮೂರು ಪ್ರಯೋಗಗಳು ನಡೆಯುವುದಕ್ಕೆ ಕಲಾಭಿಮಾನವೊಂದೆ ಕಾರಣವಲ್ಲ: ಚಕ್ಕಡಿ ಕಟ್ಟಿಕೊಂಡು ಬಂದ ಕುಟುಂಬಗಳಿಗೆ ತಂಗಲು ಛತ್ರವಿರಲಿಲ್ಲ, ಬಯಲಿನ ಚಳಿಯಾದರೋ ಎಲುಬನ್ನು ಮುಟ್ಟುವಂತಹುದು, ಟಿಕೆಟಿನ ಬೆಲೆಯಲ್ಲಿ ನಾಟಕದೊಡನೆ ಬೆಳಗಿನವರೆಗಿನ ಬೆಚ್ಚನೆಯ ನೆರಳೂ ಸೇರಿರುತ್ತಿದ್ದಿತು. ಪೌರಾಣಿಕ ನಾಟಕಗಳ ಪಕ್ಕದಲ್ಲಿಯೆ, ಸಾಲದ ಹೊರೆ, ವರದಕ್ಷಿಣೆ, ಅತ್ತೆಸೊಸೆಯರ ಕಲಹ ಮೊದಲಾದುವನ್ನು ಕುರಿತ ಸಾಮಾಜಿಕ ನಾಟಕಗಳು ಈ ಸೀಮೆಯಲ್ಲಿ ಅಷ್ಟು ಬೇಗ ನೆಲೆಯೂರಿದುದಕ್ಕೆ, ಆ ಹೊರೆಗಳನ್ನು ಹೊತ್ತವರೇ ಎದುರಿಗೆ ಕುಳಿತಿದ್ದರೆಂಬುದು ಸಾಕಾದ ಕಾರಣ.

ಚಲನಚಿತ್ರವೂ ಅನಂತರ ದೂರದರ್ಶನವೂ ಬಂದು ಕಂಪನಿಗಳ ಸಂಖ್ಯೆಯು ಇಳಿದುಹೋಯಿತು. ಗಾಯನದ ಸ್ಥಾನವನ್ನು ಹಾಸ್ಯವು, ಕೆಲವೊಮ್ಮೆ ಅಗ್ಗದ ಹಾಸ್ಯವು, ಆಕ್ರಮಿಸಿತೆಂದು ಹಿರಿಯ ರಸಿಕರು ಮರುಗುವುದರಲ್ಲಿ ಅನ್ಯಾಯವೇನೂ ಇಲ್ಲ. ಆದರೂ ಪಟ್ಟಣದ ಥೇಟರುಗಳು ಬಾಗಿಲು ಹಾಕಿದ ಮೇಲೆಯೂ ಬನಶಂಕರಿಯ ಬಯಲಿನಲ್ಲಿ ಡೇರೆಗಳು ವರ್ಷವರ್ಷವೂ ಏಳುತ್ತಿವೆ; ಮಳೆಗಾಲದಲ್ಲಿ ಆದ ನಷ್ಟವನ್ನು ಈ ಒಂದು ತಿಂಗಳಿನಲ್ಲಿ ತುಂಬಿಕೊಂಡೆ ಉಳಿದ ಕಂಪನಿಗಳು ಉಸಿರಾಡುತ್ತಿವೆ. ಅರಮನೆಯ ಆಶ್ರಯವು ಅರಸೊತ್ತಿಗೆಯೊಡನೆ ಮುಗಿಯಿತು. ಹೊಲ, ಮಗ್ಗ, ಹರಕೆ, ಸಂತೆಗಳ ಸಂಧಿಯಲ್ಲಿ ಹುಟ್ಟಿದ ಆಶ್ರಯವು ಪ್ರತಿವರ್ಷದ ಬೆಳೆಯೊಡನೆ ಹೊಸದಾಗುವಂತಹುದಾದ್ದರಿಂದ, ಅರಸರಿಗಿಂತ ಹೆಚ್ಚು ಕಾಲ ಬಾಳಿತು. ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆಯಹೊರಟವರು ನಾಟಕಕಾರರ ಹುಟ್ಟುಸಾವುಗಳ ವರ್ಷಗಳೊಡನೆ, ಆಯಾ ವರ್ಷದ ಮಳೆ ಬೆಳೆಗಳ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳುವುದು ಯುಕ್ತ.