ಮೋರಿಯೆಂಬ ಮಾತು

ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಲ್ಲಿ ಇಬ್ಬರು ಗೃಹಸ್ಥರು ನಿವೇಶನಗಳ ಬೆಲೆಯನ್ನು ಕುರಿತು ಸಂಭಾಷಿಸುತ್ತಿದ್ದಾಗ, ಅವರಲ್ಲೊಬ್ಬರು “ಈ ಕಡೆ ಪೂರ್ತಿ ಡೆವಲಪ್ ಆಗಿಬಿಟ್ಟಿದೆ, ಆ ಕೆಂಗೇರಿ ಮೋರಿ ಒಂದು ಬಿಟ್ಟು” ಎಂದು ನುಡಿದುದು ಕಿವಿಗೆ ಬಿದ್ದಿತು. ಅವರು ಮೋರಿಯೆಂದು ಕರೆದದ್ದು, ಬಸವನಗುಡಿಯ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಹುಟ್ಟಿತೆಂದು ಜನ ನಂಬಿಕೊಂಡು ಬಂದಿರುವ, ಗಾಳಿ ಆಂಜನೇಯನ ಗುಡಿಯ ಬಳಿ ಸಾಗಿ, ನಾಯಂಡಹಳ್ಳಿ ಕೆಂಗೇರಿಗಳನ್ನು ದಾಟಿ, ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುವ ವೃಷಭಾವತಿಯನ್ನು.

ಈ ಶಬ್ದ ಯಾವ ಭಾಷೆಯಿಂದ ಬಂದಿತೆಂಬ ವಿಚಾರ ನಿಘಂಟುಕಾರರಿಗಿರಲಿ. ಅದು ಬಚ್ಚಲಿನಿಂದ ಬಂದಿತೆಂಬುದು ನನ್ನ ಪಕ್ಷ. ಗೋಡೆಯ ಬುಡದಲ್ಲಿ ಬಚ್ಚಲ ನೀರಿಗೆಂದು ಬಿಟ್ಟ ಕಿಂಡಿಗೆ ಸಲ್ಲುತ್ತಿದ್ದ ಮಾತು ಮೊದಲು ಹಿತ್ತಿಲನ್ನೂ, ಅನಂತರ ಬೀದಿಯಂಚನ್ನೂ, ಕಡೆಗೆ ಇಡೀ ಕಣಿವೆಯನ್ನೂ ಆಕ್ರಮಿಸಿತು. ವೃಷಭಾವತಿ ನೀರಿನಲ್ಲಿ ಕೆಡುವುದಕ್ಕೆ ಮುಂಚೆಯೇ ನಮ್ಮ ನಾಲಗೆಯಲ್ಲಿ ಕೆಟ್ಟಿತೆಂದು ನಾನು ದೃಢವಾಗಿ ನಂಬಿದ್ದೇನೆ. ನದಿಯೆಂದು ಕರೆಯುವವನಿಗೆ ಅದರಲ್ಲಿ ಕಸ ಸುರಿಯಲು ಕೈ ಅಳುಕುತ್ತದೆ, ಮೋರಿಯೆಂದವನಿಗೆ ಆ ಅಳುಕಿಲ್ಲ. ಹೊಳೆ, ಹಳ್ಳ, ತೊರೆ, ಕಾಲುವೆ ಎಂಬ ಭೇದಗಳೆಲ್ಲ ಅಳಿದು, ನಗರದಲ್ಲಿ ಹರಿಯುವುದೆಲ್ಲ ಮೋರಿಯೂ ಕಟ್ಟುವುದೆಲ್ಲ ಡೆವಲಪ್ಪೂ ಆಗಿರುವುದು ವ್ಯಥೆಯ ಸಂಗತಿ.

ಡೆವಲಪ್ ಎಂಬ ಮಾತಿಗೆ ಬೇರೊಂದು ಅರ್ಥವೂ ಉಂಟು. ಮುಂದಿನ ಪೀಳಿಗೆಯ ಪಾಲನ್ನು ಕೆಡಿಸದೆ ಇಂದಿನವರು ಬಾಳುವುದೇ ಸುಸ್ಥಿರ ಅಭಿವೃದ್ಧಿಯೆಂದು 1987ರಲ್ಲಿ ಬ್ರಂಟ್‌ಲಂಡ್ ಆಯೋಗ ನಿರೂಪಿಸಿತು. ವಿಶ್ವಸಂಸ್ಥೆ 2015ರಲ್ಲಿ ಅದಕ್ಕಾಗಿ 17 ಗುರಿಗಳನ್ನು ನಿಯಮಿಸಿ 2030ರ ಗಡುವು ವಿಧಿಸಿತು. ಇಂಥ ಅಭಿವೃದ್ಧಿ ಸಾಧ್ಯವೋ ಬರಿಯ ಆದರ್ಶವೋ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು, ನಮ್ಮ ಅಜ್ಜಿ ಹೇಳುತ್ತಿದ್ದ “ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು” ಎಂಬ ಗಾದೆ. ಸೋಮಾರಿಗಳಿಗೆ ಹೇಳಿದ ಬುದ್ಧಿವಾದವೆಂದು ಶಾಲೆಯಲ್ಲಿ ಇದನ್ನು ವಿವರಿಸುವರು. ಆದರೆ ಗಾದೆಯ ಜೀವವಿರುವುದು ಕೂತದ್ದರಲ್ಲಲ್ಲ, ಕುಡಿಕೆಯಲ್ಲಿ. ಕುಡಿಕೆಯ ಬಾಯಿ ಕಿರಿದು, ಒಳಗು ಕತ್ತಲೆ. ಎಷ್ಟು ಉಳಿದಿದೆಯೆಂಬುದು ಕಣ್ಣಿಗೆ ಕಾಣದು. ಬೆರಳಿಗೆ ತಳ ತಗಲುವವರೆಗೂ ಅದು ತುಂಬಿಯೇ ಇದೆಯೆಂಬ ಭ್ರಾಂತಿ ಬಿಡದು. ದುಡಿಯುವವನೂ ಲೆಕ್ಕವಿಡದೆ ಕೈಯಿಕ್ಕಿದರೆ ಅದೇ ಗತಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬಡಾವಣೆ ಬಡಾವಣೆಯೂ ಟ್ಯಾಂಕರಿಗೆ ಕಾದು ನಿಂತಾಗ ಬೆಂಗಳೂರಿನ ಬೆರಳಿಗೆ ತಗಲಿದ್ದು ಆ ತಳವೇ.

ಆದರೆ ಹೊನ್ನಿಗಿಲ್ಲದ ಒಂದು ಗುಣ ನೀರಿಗಿದೆ. ಖರ್ಚಾದ ಹೊನ್ನು ಪರರ ಪಾಲು. ಖರ್ಚಾದ ನೀರು ನಮ್ಮ ಬಾಗಿಲಲ್ಲೇ ಹರಿಯುತ್ತಿರುತ್ತದೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬೀಳುತ್ತದೆಂಬುದು ಇಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಸಿ ತರುವ ಕಾವೇರಿಯನ್ನು, ನೀರಿನ ಯೋಜನೆಯ, 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವೊಂದರಲ್ಲೇ ದಿನಕ್ಕೆ 775 ದಶಲಕ್ಷ ಲೀಟರಿನಂತೆ ತರಿಸಿಕೊಂಡು, ಒಮ್ಮೆ ಬಳಸಿ, ವೃಷಭಾವತಿಯ ಮೂಲಕ ಬಿಡದಿಯ ಬಳಿಯ ಬೈರಮಂಗಲದ ಕೆರೆಯಲ್ಲಿ ನೊರೆಯೇಳುವಂತೆ ಹರಿಯಬಿಡುವುದು ಯಾವ ವಿವೇಕ?

ಬೇರೆ ದಾರಿಯಿಲ್ಲವೆನ್ನುವಂತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಸಂಸ್ಕಾರಗೊಂಡು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹೋಗುತ್ತಿದೆ. ಎರಡನೆಯ ಹಂತಕ್ಕೇ ನಿಂತ ಆ ಶುದ್ಧೀಕರಣ ಸಾಲದೆಂದು ಕೋಲಾರದ ರೈತರು ಎತ್ತಿರುವ ಆಕ್ಷೇಪ ನ್ಯಾಯವಾದದ್ದು. ಆದರೆ ಅವರು ಕೇಳುತ್ತಿರುವುದು ಇನ್ನೊಂದು ಹಂತದ ಶುದ್ಧಿಯನ್ನೇ ಹೊರತು ಅಸಾಧ್ಯವಾದುದನ್ನಲ್ಲ.

ಆದುದರಿಂದ ಸುಸ್ಥಿರ ಅಭಿವೃದ್ಧಿ ಸಾಧ್ಯವೆಂದೇ ನನ್ನ ನಿರ್ಣಯ. ಪಶ್ಚಿಮ ಬೆಂಗಳೂರಿನ ವಾಚಕರಲ್ಲಿ ನನ್ನ ಬಿನ್ನಹವಿಷ್ಟು: ಕಾವೇರಿಯ ಮುಂದಿನ ಹಂತವನ್ನು ಸರ್ಕಾರದಿಂದ ಕೇಳುವುದಕ್ಕೆ ಮೊದಲು, ವೃಷಭಾವತಿಯ ನೀರಿಗೆ ಮೂರನೆಯ ಹಂತದ ಶುದ್ಧೀಕರಣವನ್ನು ಕೇಳಿರಿ, ಆ ಅರ್ಜಿಯಲ್ಲಿ ನದಿಯನ್ನು ಅದರ ಹೆಸರಿನಿಂದಲೇ ಬರೆಯಿರಿ.