ಆಯ್ದಕ್ಕಿ ಲಕ್ಕಮ್ಮನವರ ಲೆಕ್ಕ

12ನೆಯ ಶತಮಾನದ ಕಲ್ಯಾಣದಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ಶರಣ ದಂಪತಿಗಳು ನೆಲೆಸಿದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದೇ ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರೆಂದು ಶರಣಚರಿತೆ ತಿಳಿಸುತ್ತದೆ.

ದುಡಿದದ್ದೆಷ್ಟು, ಬೇಕಾದದ್ದೆಷ್ಟು, ದಾಸೋಹಕ್ಕೆ ಸಲ್ಲಬೇಕಾದದ್ದೆಷ್ಟು ಎಂಬ ಲೆಕ್ಕ ಆ ತಾಯಿಗೆ ಸ್ಪಷ್ಟವಾಗಿತ್ತು. ಹಗ್ಗ ಹೊಸೆದ ನುಲಿಯ ಚಂದಯ್ಯನವರೂ ಬಿದಿರಿನ ಬುಟ್ಟಿ ಹೆಣೆದ ಮೇದಾರ ಕೇತಯ್ಯನವರೂ ನಡೆದದ್ದು ಇದೇ ಹಾದಿಯಲ್ಲಿ.

ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರಗಳನ್ನು ನಂಬಿ ಬಾಳುವ ಸದ್ಭಕ್ತರಿಗೆ ಈ ಪ್ರಸಂಗ ದಾರಿದೀಪ. ಗಲ್ಲಾಪೆಟ್ಟಿಗೆಗೆ ಬಿದ್ದ ಹಣವೆಲ್ಲ ಲಾಭವಲ್ಲ. ಅದರಲ್ಲಿ ಸರಕು ಕೊಟ್ಟವರ ಬಾಕಿ, ಕೆಲಸದವರ ಕೂಲಿ, ಸಾಲದ ಕಂತು ಸೇರಿವೆ. ಇವನ್ನು ಪ್ರತಿದಿನ ಬರೆದು ಬೇರೆ ತೆಗೆದಿರಿಸಿದ ಬಳಿಕವೇ ಮನೆಯ ಖರ್ಚು ಹಾಗೂ ದಾಸೋಹದ ಪಾಲನ್ನು ಗೊತ್ತುಪಡಿಸಬೇಕು. ಸಾಲ ಸುಲಭವಾಗಿ ದೊರೆಯುತ್ತದೆಂದು ಅಗತ್ಯ ಮೀರಿ ತಂದ ಹಣ, ಮಾರಯ್ಯನವರು ಅಂದು ತಂದ ಹೆಚ್ಚಿನ ಅಕ್ಕಿಯಂತೆಯೇ. ಅದನ್ನು ಮರಳಿಸಲು ಹೇಳುವ ಹಿತವಚನ ಮನೆಯೊಳಗಿನಿಂದಲೇ ಬಂದಾಗ ಮಾರಯ್ಯನವರಂತೆ ತಲೆಬಾಗುವುದು ಭಕ್ತನಿಗೆ ಶ್ರೇಯಸ್ಕರ.